ಅಂಗಳದ ನಿತ್ಯಪುಷ್ಪಕ್ಕೆ ಹೊಲದಲ್ಲೂ ಜಾಗವಿದೆ

ಬೇಲಿಯಂಚಿನಲ್ಲಿ ತಾನಾಗಿ ಹುಟ್ಟಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪಕ್ಕೆ ದನ ಬಾಯಿ ಹಾಕುವುದಿಲ್ಲ. ಎಲೆ ಅಷ್ಟು ಕಹಿ. ಕೆಲವೆಡೆ ಕಾಶಿಕಣಗಿಲೆ ಎನ್ನುವುದೂ ಇದನ್ನೇ. ಮೂಲ ಮಡಗಾಸ್ಕರ್.

ಸಕ್ಕರೆ ಕಾಯಿಲೆಗೆ ಇದು ಮದ್ದೆಂಬ ಜನರ ನಂಬಿಕೆಯನ್ನು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷೆಗೆ ಹಚ್ಚಿದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಆ ಸುಳಿವಿನಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಮದ್ದು ಸಿಕ್ಕಿತು. ಅದೇ ಎಲೆಯಿಂದ ಮುಂದೆ ವಿನ್‌ಕ್ರಿಸ್ಟಿನ್ ಬಂತು. ಜೀವಕೋಶ ಒಡೆದು ಎರಡಾಗುವುದನ್ನು ಇವು ತಡೆಯುತ್ತವೆ. ಮಕ್ಕಳ ರಕ್ತ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ.

ಹಾಗೆಂದು ಎಲೆ ಅರೆದು ಕಷಾಯ ಕುಡಿಯಬೇಡಿ, ಯಾರಿಗೂ ಕುಡಿಸಬೇಡಿ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ಕಷಾಯದಲ್ಲಿ ಕ್ಯಾನ್ಸರ್ ವಾಸಿಯಾಗುವಷ್ಟು ಮದ್ದು ಇರುವುದಿಲ್ಲ, ಗಿಡದ ಉಳಿದ ವಿಷಕಾರಿ ಅಂಶಗಳು ಮಾತ್ರ ಹೊಟ್ಟೆ ಸೇರುತ್ತವೆ.

ಎಲೆ ಹೀಗೆ ರಾಶಿಗಟ್ಟಲೆ ಬೇಕಾದ್ದರಿಂದಲೇ ಇದು ಬೆಳೆಯಾಯಿತು. ಆದರೆ ಎಪಿಎಂಸಿಗೆ ಒಯ್ದು ಹರಾಜು ಹಾಕುವ ಮಾಲಲ್ಲ. ಕೊಳ್ಳುವವರೊಂದಿಗೆ ದರ, ಪ್ರಮಾಣ ಬರವಣಿಗೆಯಲ್ಲಿ ಆಗದೆ ಒಂದು ಗುಂಟೆಯೂ ಹಾಕಬೇಡಿ ಎಂಬುದು ನನ್ನ ಖಂಡಿತ ಮಾತು.

ನೀರು ಬಸಿಯುವ ಮರಳು ಮಿಶ್ರಿತ ಕೆಂಪು ಭೂಮಿ ಒಳ್ಳೆಯದು. ನೀರು ನಿಂತರೆ ಬುಡ ಕೊಳೆಯುತ್ತದೆ. ಬೀಜ ಸಾಸಿವೆಗಿಂತ ಸಣ್ಣದು, ಹಳೆಯದಾದರೆ ಮೊಳಕೆ ಬರದು. ನೇರ ಬಿತ್ತನೆಗೆ ಎಕರೆಗೆ ಒಂದು ಕಿಲೋ ಬೀಜವನ್ನು ಹತ್ತು ಪಟ್ಟು ಮರಳಿನಲ್ಲಿ ಬೆರೆಸಿ ಮುಂಗಾರಿನಲ್ಲಿ ಚೆಲ್ಲಬೇಕು. ಸಸಿಮಡಿಯಾದರೆ 200 ಗ್ರಾಂ ಸಾಕು. ಎರಡು ತಿಂಗಳ ಸಸಿಯನ್ನು ಸಾಲಿಗೆ 45, ಗಿಡಕ್ಕೆ 30 ಸೆಂ.ಮೀ. ಬಿಟ್ಟು ನಾಟಿ ಮಾಡಬೇಕು. ಎಕರೆಗೆ ಐದಾರು ಟನ್ ಕೊಟ್ಟಿಗೆ ಗೊಬ್ಬರ. ಎಲೆ ಸಣ್ಣಗಾಗಿ ಗೊಂಚಲು ಕಟ್ಟಿದ ಗಿಡ ಕಂಡರೆ ಕಿತ್ತು ಸುಡಿ, ಆ ರೋಗಕ್ಕೆ ಬೇರೆ ದಾರಿಯಿಲ್ಲ.

ಆರನೇ, ಒಂಬತ್ತನೇ ತಿಂಗಳಲ್ಲಿ ಎಲೆ ಬಿಡಿಸಿ, ವರ್ಷ ತುಂಬಿದಾಗ ಪೂರ್ತಿ ಕಟಾವು. ಎಲೆಯನ್ನು ನೆರಳಲ್ಲಿ ತೆಳ್ಳಗೆ ಹರಡಿ, ಆಗಾಗ ಮಗುಚಿ. ಮುಷ್ಟಿಯಲ್ಲಿ ಹಿಸುಕಿದರೆ ಪುಡಿಯಾಗಬೇಕು, ಹಸಿರು ಮಾಸಿರಬಾರದು. ಮಳೆಯಾಶ್ರಯದಲ್ಲಿ ಎಕರೆಗೆ ಸುಮಾರು ಎಂಟು ಕ್ವಿಂಟಾಲ್ ಒಣ ಎಲೆ ಬರುತ್ತದೆ.

ಬೇರಿಗೂ ಬೆಲೆಯಿದೆ. ರಕ್ತ ಸಂಚಾರದ ಔಷಧಕ್ಕೆ ಬೇಕಾದ ಅಜ್ಮಲಿಸಿನ್ ಅದರಲ್ಲಿದೆ. ಕಾಂಡವನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ, ಹೊಲಕ್ಕೆ ಚೆನ್ನಾಗಿ ನೀರು ಹಾಯಿಸಿ, ಹದ ಬಂದಾಗ ನೇಗಿಲು ಹೊಡೆದರೆ ಬೇರು ತುಂಡಾಗದೆ ಎದ್ದು ಬರುತ್ತದೆ. ಮಣ್ಣು ತೊಳೆದು, ನೆರಳಲ್ಲೇ ಒಣಗಿಸಿ, ಎಲೆಯ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ತುಂಬಿ.