ಪಟ್ಟಿ ಇದೆ, ಹಾಡೆಲ್ಲಿ?

ನವರಾತ್ರಿ ಹತ್ತಿರ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಪಟ್ಟದ ಗೊಂಬೆಗಳ ಜೊತೆಗೆ ಹಾಡುಗಳೂ ಹೊರಗೆ ಬರುತ್ತವೆ. ಹಿಂದೆ ಅವು ಕ್ಯಾಸೆಟ್ಟಿನಲ್ಲಿದ್ದವು, ಈಗ ಕಂಪ್ಯೂಟರಿನಲ್ಲಿವೆ. ಒಂದು ದಿನಕ್ಕೆ ಜಯಚಾಮರಾಜ ಒಡೆಯರ ಕೃತಿಗಳು, ಇನ್ನೊಂದು ದಿನಕ್ಕೆ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮತ್ತೊಂದು ದಿನಕ್ಕೆ ಚೌಡಯ್ಯನವರ ಪಿಟೀಲು ಎಂದು ಪ್ಲೇಲಿಸ್ಟ್ ಮಾಡಿಟ್ಟಿರುತ್ತೀರಿ. ಪಾಡ್ಯದ ದಿನ ದೀಪ ಹಚ್ಚಿ ಅದನ್ನು ತೆರೆದರೆ ಸದ್ದೇ ಇಲ್ಲ! ಆಗ ಕಂಪ್ಯೂಟರ್ ಕೆಟ್ಟಿತು ಎಂದು ದೂರುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ನಮ್ಮ ಅಜಾಗರೂಕತೆಯೇ ಹೆಚ್ಚಿನ ಸಲ ಕಾರಣ. ಸ್ವಲ್ಪ ಸಮಾಧಾನವಾಗಿ ಕೇಳಿ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ನಿಲ್ಲಲಿ: ಪ್ಲೇಲಿಸ್ಟ್ ಫೈಲಿನೊಳಗೆ ಹಾಡು ಇರುವುದಿಲ್ಲ. ಹಾಡು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ದೇವರಾಜ ಮಾರುಕಟ್ಟೆಗೆ ಹೋಗುವಾಗ ಬರೆದುಕೊಳ್ಳುವ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಬದನೆಕಾಯಿ ಎಂದು ಬರೆದ ಮಾತ್ರಕ್ಕೆ ಚೀಲ ತುಂಬುವುದಿಲ್ಲ. ನಂಬಿಕೆ ಬಾರದಿದ್ದರೆ ಫೈಲಿನ ಗಾತ್ರ ನೋಡಿ. ಒಂದು ಹಾಡೇ ಕೆಲವು ಎಂಬಿ ಆಗುತ್ತದೆ, ನೂರು ಹಾಡಿನ ಪಟ್ಟಿ ಕೆಲವೇ ಕೆಬಿ. ಆದ್ದರಿಂದ ಬರೀ ಪಟ್ಟಿಯನ್ನು ಅಮೆರಿಕದಲ್ಲಿರುವ ಮಗಳಿಗೆ ಮೇಲ್ ಮಾಡಿ "ಕೇಳಿದೆಯಾ?" ಎಂದು ವಿಚಾರಿಸಬೇಡಿ. ಫೋಲ್ಡರನ್ನೇ ಜಿಪ್ ಮಾಡಿ ಕಳಿಸಿ.

ಎರಡನೆಯದು, ಡಬಲ್ ಕ್ಲಿಕ್ ಮಾಡಿದಾಗ ಹಾಡಿನ ಬದಲು ಅಕ್ಷರಗಳ ಸಾಲು ತೆರೆದುಕೊಂಡರೆ ಗಾಬರಿಯಾಗಬೇಡಿ. ಎಂ3ಯು ಎಂಬ ಪಟ್ಟಿ ನಿಜಕ್ಕೂ ಸಾದಾ ಬರಹದ ಫೈಲು. ನಿಮ್ಮ ಕಂಪ್ಯೂಟರ್ ಅದನ್ನು ನೋಟ್‌ಪ್ಯಾಡಿಗೆ ಒಪ್ಪಿಸಿದೆ, ಅಷ್ಟೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಓಪನ್ ವಿತ್' ಒತ್ತಿ, ವಿಎಲ್‌ಸಿ ಆರಿಸಿ, ಯಾವಾಗಲೂ ಇದರಲ್ಲೇ ತೆರೆಯಲಿ ಎಂದು ಹೇಳಿಬಿಡಿ. ವಿಎಲ್‌ಸಿ ಎಂಬುದು ಹಾಡು ನುಡಿಸುವ ಉಚಿತ ತಂತ್ರಾಂಶ. ಎಂ3ಯು, ಪಿಎಲ್‌ಎಸ್, ಎಕ್ಸ್‌ಎಸ್‌ಪಿಎಫ್ ಎಂಬ ಬಗೆಯ ಪಟ್ಟಿಗಳೆಲ್ಲವನ್ನೂ ಅದು ಓದುತ್ತದೆ. ಅದನ್ನು ವಿಡಿಯೋಲ್ಯಾನ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿ, ಸಿಕ್ಕಸಿಕ್ಕ ಜಾಹೀರಾತು ಒತ್ತಬೇಡಿ. ಹಾಡಿನ ಹೆಸರಿಟ್ಟುಕೊಂಡು ಕೊನೆಯಲ್ಲಿ 'ಇಎಕ್ಸ್‌ಇ' ಎಂದಿರುವ ಫೈಲು ಬಂದರೆ ತೆರೆಯಲೇಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೂರನೆಯದು, ಪಟ್ಟಿ ತೆರೆದುಕೊಳ್ಳುತ್ತದೆ, ಹಾಡು ಮಾತ್ರ ಬರುವುದಿಲ್ಲ ಎಂಬ ದೂರು. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದೇ. ಈ ಸಲ ಬೇಕೆಂದೇ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳು ಹಾಡಿನ ಹೆಸರು, ಅವಧಿ ಮುಂತಾದ ವಿವರ, ಉಳಿದವು ವಿಳಾಸ. ವಿಳಾಸ 'ಇ' ಡ್ರೈವ್ ಎಂದು ಹೇಳುತ್ತಿದ್ದು, ಇವತ್ತು ನಿಮ್ಮ ಪೆನ್‌ಡ್ರೈವ್ 'ಎಫ್' ಆಗಿ ಕೂತಿದ್ದರೆ ಹಾಡು ಎಲ್ಲಿ ಸಿಕ್ಕೀತು? ಫೋಲ್ಡರಿನ ಹೆಸರು ಬದಲಿಸಿದರೂ, ಹಾಡನ್ನು ಬೇರೆಡೆಗೆ ಸರಿಸಿದರೂ ಇದೇ ಗತಿ. ಹಾಡುಗಳನ್ನೂ ಪಟ್ಟಿಯನ್ನೂ ಒಂದೇ ಫೋಲ್ಡರಿನಲ್ಲಿಡಿ. ಆಮೇಲೆ ಪ್ರತಿ ವಿಳಾಸದ ಮೊದಲಲ್ಲಿರುವ ಡ್ರೈವ್, ಫೋಲ್ಡರಿನ ಹೆಸರು ಅಳಿಸಿ ಹಾಡಿನ ಫೈಲಿನ ಹೆಸರು ಮಾತ್ರ ಉಳಿಸಿ. ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಎಲ್ಲ ಸಾಲಿನಲ್ಲೂ ಒಂದೇ ಸಲಕ್ಕೆ ಅಳಿಸಬಹುದು. ಆ ಫೋಲ್ಡರ್ ಇನ್ನು ಯಾವ ಡ್ರೈವಿಗೆ ಹೋದರೂ ಹಾಡುತ್ತದೆ. ತಿದ್ದುವ ಮುಂಚೆ ಪಟ್ಟಿಯದೊಂದು ನಕಲು ಮಾತ್ರ ಇಟ್ಟುಕೊಳ್ಳಿ. ಆತುರಗಾರನಿಗೆ ಬುದ್ಧಿ ಮಟ್ಟ.

ಉಳಿಸುವಾಗಲೂ ಗಮನವಿರಲಿ. 'ಸೇವ್ ಆ್ಯಸ್'ನಲ್ಲಿ 'ಆಲ್ ಫೈಲ್ಸ್' ಆರಿಸದಿದ್ದರೆ ಹೆಸರಿನ ಕೊನೆಗೆ 'ಟಿಎಕ್ಸ್‌ಟಿ' ಎಂಬ ಬಾಲ ಸೇರಿಕೊಂಡು ಅದು ಪಟ್ಟಿಯಾಗಿ ಉಳಿಯುವುದಿಲ್ಲ. ವಿಂಡೋಸ್ ಈ ಬಾಲವನ್ನು ಮುಚ್ಚಿಡುವುದರಿಂದ ನಿಮಗೆ ಕಾಣಿಸುವುದೂ ಇಲ್ಲ. ಫೋಲ್ಡರ್ ತೆರೆದು 'ವ್ಯೂ' ಮೆನುವಿನಲ್ಲಿ ಫೈಲಿನ ಎಕ್ಸ್‌ಟೆನ್ಷನ್ ತೋರಿಸುವಂತೆ ಮಾಡಿಕೊಳ್ಳಿ.

ನಾಲ್ಕನೆಯದು, ಕನ್ನಡದಲ್ಲಿ ಹೆಸರಿಟ್ಟವರಿಗೆ. ಕನ್ನಡದಲ್ಲಿ ಹೆಸರಿಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಹಳೆಯ ಎಂ3ಯು ಪಟ್ಟಿಗಳಲ್ಲಿ ಕನ್ನಡ ಅಕ್ಷರಕ್ಕೆ ಜಾಗವಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುವುದು ಅದಕ್ಕೇ. ಪಟ್ಟಿಯನ್ನು ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಿ, ಹೆಸರಿನ ಕೊನೆಗೆ ಎಂ3ಯು8 ಎಂದು ಹಾಕಿ. ಒಮ್ಮೆ ಪ್ರಶ್ನಾರ್ಥಕವಾಗಿ ಉಳಿದುಹೋದ ಹೆಸರು ತಾನಾಗಿ ಕನ್ನಡಕ್ಕೆ ಮರಳುವುದಿಲ್ಲ, ಆ ಪಟ್ಟಿಯನ್ನು ಹೊಸದಾಗಿಯೇ ಮಾಡಬೇಕು.

ಐದನೆಯದು, ಕ್ರಮ. ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ರಚಿಸಿದ 108 ಅಷ್ಟೋತ್ತರ ಕೃತಿಗಳನ್ನು ಕೇಳಬೇಕೆಂದುಕೊಳ್ಳಿ. ಫೈಲುಗಳಿಗೆ ಬರೀ 1, 2, 3 ಎಂದು ಅಂಕಿ ಕೊಟ್ಟರೆ ಎಷ್ಟೋ ಪ್ಲೇಯರುಗಳು, ಕಾರಿನ ಸ್ಟೀರಿಯೋಗಳು 1 ಆದಮೇಲೆ 10, 100 ಎಂದು ಹಾರಿಬಿಡುತ್ತವೆ. ನಾಮಾವಳಿಯ ಕ್ರಮವೇ ತಪ್ಪಿಹೋಗುತ್ತದೆ. 001, 002 ಎಂದು ಮೂರಂಕಿಯಲ್ಲೇ ಹೆಸರಿಡಿ, ಆಮೇಲೆ ರಾಗ, ಹಾಡಿದವರ ಹೆಸರು ಬರೆಯಿರಿ. ಪಟ್ಟಿ ಕಳೆದುಹೋದರೂ ಕ್ರಮ ಉಳಿಯುತ್ತದೆ. ಪಟ್ಟಿ ಮಾಡುವ ಮುಂಚೆ ಹೆಸರು ಎಷ್ಟು ಬೇಕಾದರೂ ತಿದ್ದಿ, ಆಮೇಲೆ ಕೈ ಹಚ್ಚಬೇಡಿ.

ಈ ವಾಟ್ಸಾಪಿನ ಅಭ್ಯಾಸವೂ ಒಂದಿದೆಯಲ್ಲ! ಹಾಡನ್ನು ಆಡಿಯೋ ಎಂದು ಕಳಿಸಿದರೆ ಆ ಕಡೆ ಅದು ತಾರೀಖು, ಅಂಕಿಗಳ ಹೊಸ ಹೆಸರು ಹೊತ್ತು ಇಳಿಯುತ್ತದೆ, ನಿಮ್ಮ ಪಟ್ಟಿಗೆ ಅದರ ಗುರುತೇ ಸಿಗುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಿ, ಹೆಸರು ಹಾಗೇ ಇರುತ್ತದೆ. ಹಾಡು ಒನ್‌ಡ್ರೈವಿನಲ್ಲಿದ್ದು ಪಕ್ಕದಲ್ಲಿ ಮೋಡದ ಗುರುತು ಕಾಣುತ್ತಿದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಎಂದೇ ಅರ್ಥ. ನೆಟ್ ಹೋದರೆ ಹಾಡೂ ಹೋಗುತ್ತದೆ. ಇಂಟರ್ನೆಟ್ ರೇಡಿಯೋದ ಪಿಎಲ್‌ಎಸ್ ಫೈಲೂ ಹೀಗೆಯೇ. ಅದರಲ್ಲಿರುವುದು ಪ್ರಸಾರದ ವಿಳಾಸ. ಪ್ರಸಾರ ಮಾಡುವವರು ವಿಳಾಸ ಬದಲಿಸಿದರೆ ಹಳೆಯ ಫೈಲನ್ನು ಒತ್ತುತ್ತಾ ಕೂರಬೇಡಿ, ಹೊಸದನ್ನು ತಂದುಕೊಳ್ಳಿ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿ, ಅದಕ್ಕೆ ಆಕಾಶವಾಣಿ ಎಂಬ ಹೆಸರು ನಿಂತ ಊರು ನಮ್ಮ ಮೈಸೂರು. ಕೇಳುವ ಆಸೆಯಷ್ಟೇ ಕಾಪಾಡುವ ಶಿಸ್ತೂ ನಮಗಿರಬೇಕು. ಮನೆಯ ಹಿರಿಯರು ಹಾಡಿದ ಹಾಡು, ಮಗಳ ಮೊದಲ ಕಛೇರಿ, ಇವು ಅಂಗಡಿಯಲ್ಲಿ ಸಿಗುವುದಿಲ್ಲ. ಪಟ್ಟಿಯನ್ನಲ್ಲ, ಹಾಡುಗಳಿರುವ ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಡಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ಬೇಡ. ಹಬ್ಬಕ್ಕೆ ಒಂದು ವಾರ ಇರುವಾಗಲೇ ನೆಟ್ ಆಫ್ ಮಾಡಿ, ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಪಟ್ಟಿಯ ಪ್ರತಿ ಹಾಡನ್ನೂ ಅರೆಗಳಿಗೆ ಕೇಳಿ ನೋಡಿ. ಎಲ್ಲವೂ ಹಾಡಿದರೆ ನಿಮ್ಮ ಕೆಲಸ ಸರಿಯಾಗಿದೆ. ಹಾಡದಿದ್ದರೆ ತಿದ್ದಲು ಕೈಯಲ್ಲಿ ಇನ್ನೂ ದಿನಗಳಿವೆ. ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಮುಂದಿನ ವರ್ಷ ಅವರೇ ಮಾಡಿಕೊಡುತ್ತಾರೆ.