ಮಗುವಿಗೆ ಮಂಪರು ಔಷಧ: ಹೆತ್ತವರು ಅರಿತಿರಬೇಕಾದ ಸಂಗತಿಗಳು

ಎಂ.ಆರ್.ಐ. ಪರೀಕ್ಷೆಗೆ ಸಾಮಾನ್ಯವಾಗಿ 20ರಿಂದ 45 ನಿಮಿಷ ಬೇಕಾಗುತ್ತದೆ. ಅಷ್ಟು ಹೊತ್ತು ಕಿರಿದಾದ ಯಂತ್ರದೊಳಗೆ, ಕಿವಿಗಡಚಿಕ್ಕುವ ಸದ್ದಿನ ನಡುವೆ ಅಲುಗಾಡದೆ ಮಲಗಿರುವುದು ದೊಡ್ಡವರಿಗೇ ಕಷ್ಟ. ಮೂರು ವರ್ಷದ ಮಗುವಿನಿಂದ ಅದನ್ನು ನಿರೀಕ್ಷಿಸಲಾಗದು. ಮಗು ಮಿಸುಕಿದರೆ ಚಿತ್ರ ಮಸುಕಾಗಿ ಪರೀಕ್ಷೆ ವ್ಯರ್ಥವಾಗುತ್ತದೆ. ಆದುದರಿಂದ ವೈದ್ಯರು ಮಂಪರು ಔಷಧವನ್ನು ಬಾಯಿಯ ಮೂಲಕ, ಮೂಗಿನ ಮೂಲಕ ಅಥವಾ ರಕ್ತನಾಳದ ಮೂಲಕ ಕೊಡುತ್ತಾರೆ. ಇದಕ್ಕೆ ಸೆಡೇಷನ್ ಎಂದು ಹೆಸರು.

ಸಹಜ ನಿದ್ರೆಗೂ ಇದಕ್ಕೂ ಭೇದವುಂಟು. ಸಹಜವಾಗಿ ನಿದ್ರಿಸುವ ಮಗುವಿನ ಗಂಟಲಿಗೆ ಕಫ ಬಂದರೆ ಅದು ಕೆಮ್ಮುತ್ತದೆ, ಮಗ್ಗುಲು ಬದಲಿಸುತ್ತದೆ. ಮಂಪರು ಗಾಢವಾದಂತೆ ಈ ರಕ್ಷಣೆ ಕುಗ್ಗುತ್ತದೆ. ನಾಲಿಗೆ ಹಿಂದಕ್ಕೆ ಜಾರಬಹುದು, ಉಸಿರಾಟ ನಿಧಾನವಾಗಬಹುದು. ಮಕ್ಕಳ ಶ್ವಾಸನಾಳ ಕಿರಿದು, ದೇಹದಲ್ಲಿರುವ ಆಮ್ಲಜನಕದ ಸಂಗ್ರಹವೂ ಅಲ್ಪ. ಹೀಗಾಗಿ ಉಸಿರು ತಡೆದರೆ ಅಪಾಯ ಬಹುಬೇಗ ಒದಗುತ್ತದೆ. ಈ ಕಾರಣದಿಂದಲೇ ಮಗುವನ್ನು ನೋಡಿಕೊಳ್ಳುವುದೊಂದನ್ನೇ ಕೆಲಸವಾಗಿ ಉಳ್ಳ ತರಬೇತಿ ಪಡೆದವರೊಬ್ಬರು ಬಳಿಯಲ್ಲಿರಬೇಕು. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಅಳವಡಿಸಿರಬೇಕು. ಆಮ್ಲಜನಕ ಹಾಗೂ ಕಫ ಹೀರುವ ಯಂತ್ರ ಸಿದ್ಧವಿರಬೇಕು. ಮಂಪರು ಬರಿಸುವ ಸಿರಪ್ಪನ್ನು ಮನೆಯಲ್ಲಿ ಕುಡಿಸಿ ಮಗುವನ್ನು ಕರೆತರುವುದು ಸರ್ವಥಾ ಸಲ್ಲದು. ದಾರಿಯಲ್ಲಿ ಉಸಿರು ತಡೆದರೆ ನೆರವಾಗುವವರು ಯಾರೂ ಇರುವುದಿಲ್ಲ.

ಎಲ್ಲ ಮಕ್ಕಳಿಗೂ ಈ ಔಷಧ ಅವಶ್ಯವಲ್ಲ. ಸಿ.ಟಿ. ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಎಳೆಯ ಶಿಶುವಿಗೆ ಹಾಲೂಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿದರೆ ಹಲವೊಮ್ಮೆ ತಾನೇ ನಿದ್ರಿಸುತ್ತದೆ. ತುಸು ದೊಡ್ಡ ಮಕ್ಕಳಿಗೆ ಮೊದಲೇ ತಿಳಿಹೇಳಿದರೆ ಸಾಕಾಗಬಹುದು. ಬೇರೆ ದಾರಿಯಿದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.

ಹಸಿದ ಹೊಟ್ಟೆ ಏಕೆ?

ಹೆತ್ತವರ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ಮಂಪರಿನಲ್ಲಿರುವಾಗ ಹೊಟ್ಟೆಯಲ್ಲಿರುವ ಆಹಾರ ಮೇಲೆ ಬಂದು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಸಾಮಾನ್ಯ ನಿಯಮವಿದು: ನೀರು 2 ಗಂಟೆ ಮೊದಲು, ತಾಯಿಯ ಹಾಲು 4 ಗಂಟೆ ಮೊದಲು, ಹಸುವಿನ ಹಾಲು, ಡಬ್ಬಿ ಹಾಲು ಹಾಗೂ ಇಡ್ಲಿ, ಗಂಜಿಯಂತಹ ಲಘು ಆಹಾರ 6 ಗಂಟೆ ಮೊದಲು ನಿಲ್ಲಬೇಕು. ಕರಿದ ತಿಂಡಿಗೆ ಇನ್ನೂ ಹೆಚ್ಚು ಕಾಲ ಬೇಕು. ಬೆಳಿಗ್ಗೆ 10 ಗಂಟೆಗೆ ಪರೀಕ್ಷೆಯಿದ್ದರೆ ಹಸುವಿನ ಹಾಲನ್ನು 4 ಗಂಟೆಯೊಳಗೆ, ಎದೆಹಾಲನ್ನು 6 ಗಂಟೆಯೊಳಗೆ, ನೀರನ್ನು 8 ಗಂಟೆಯೊಳಗೆ ಕೊಡಬಹುದು. ನಿಮ್ಮ ಆಸ್ಪತ್ರೆಯವರು ಬೇರೆ ಸಮಯ ಹೇಳಿದರೆ ಅದನ್ನೇ ಪಾಲಿಸಿರಿ. ಅಗತ್ಯಕ್ಕಿಂತ ಹೆಚ್ಚು ಕಾಲ ಉಪವಾಸ ಕೆಡವುವುದೂ ತಪ್ಪು. ಇದು ವ್ರತವಲ್ಲ, ಚಿಕಿತ್ಸೆಯ ಅಂಗ.

ಮಗು ಅಳುವುದನ್ನು ಕಂಡು ಅಜ್ಜಿಯ ಕರುಳು ಕರಗುತ್ತದೆ. ಸೆರಗಿನ ಮರೆಯಲ್ಲಿ ಒಂದು ಬಿಸ್ಕತ್ತು ಮಗುವಿನ ಕೈಸೇರುತ್ತದೆ. ಕೆಲವರು ಹೊರಡುವ ಮುನ್ನ ಪೂಜೆ ಮುಗಿಸಿ ಬಾಳೆಹಣ್ಣಿನ ಪ್ರಸಾದ ತಿನ್ನಿಸುತ್ತಾರೆ. ಪ್ರೀತಿ, ಭಕ್ತಿ ಎರಡೂ ನಿಜ. ಆದರೆ ಹೊಟ್ಟೆಗೆ ಪ್ರಸಾದವೂ ಆಹಾರವೇ. ಅದನ್ನು ಕಾದಿರಿಸಿ, ಮಗು ಪೂರ್ಣ ಎಚ್ಚರಗೊಂಡ ಮೇಲೆ ಕೊಡಿರಿ. ಅಕಸ್ಮಾತ್ ಏನಾದರೂ ಕೊಟ್ಟಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿರಿ. ಬೈದಾರೆಂಬ ಅಂಜಿಕೆ ಬೇಡ. ಹೇಳಿದರೆ ಪರೀಕ್ಷೆ ಕೆಲವು ಗಂಟೆ ಮುಂದೆ ಹೋದೀತು. ಮುಚ್ಚಿಟ್ಟರೆ ಮಗುವನ್ನೇ ಕಳೆದುಕೊಳ್ಳುವ ಪ್ರಸಂಗ ಬಂದೀತು.

ನೆಗಡಿ, ಕೆಮ್ಮು, ಜ್ವರ, ಗೊರಕೆ, ಉಬ್ಬಸ, ಮೂರ್ಛೆರೋಗ, ಹಿಂದೆ ಔಷಧ ಒಗ್ಗದಿದ್ದುದು, ಈಗ ಸೇವಿಸುತ್ತಿರುವ ಮಾತ್ರೆ ಇವೆಲ್ಲವನ್ನೂ ಮೊದಲೇ ತಿಳಿಸಬೇಕು. ಎಂ.ಆರ್.ಐ. ಕೋಣೆಗೆ ಲೋಹ ಒಯ್ಯುವಂತಿಲ್ಲ. ಕಾಲ್ಗೆಜ್ಜೆ, ಬಳೆ, ತಾಯಿತಗಳನ್ನು ತೆಗೆದಿಡಿರಿ. ಮಗುವಿಗೆ ಲಿಂಗಧಾರಣೆಯಾಗಿದ್ದರೆ ಕರಡಿಗೆಯ ವಿಷಯವನ್ನು ಸಿಬ್ಬಂದಿಗೆ ಮುಂಚಿತವಾಗಿಯೇ ಹೇಳಿ, ಆ ಹೊತ್ತಿಗೆ ಅದನ್ನು ಹೊರಗೆ ಹಿರಿಯರೊಬ್ಬರ ಕೈಯಲ್ಲಿ ಭಕ್ತಿಯಿಂದ ಇರಿಸಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿರಿ.

ಮನೆಗೆ ಮರಳುವಾಗ

ಮಗು ಚೆನ್ನಾಗಿ ಎಚ್ಚರಗೊಂಡು ವೈದ್ಯರು ಒಪ್ಪಿದ ಬಳಿಕವೇ ಹೊರಡಬೇಕು. ತೂಕಡಿಸುವ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯಬಾರದು. ಕಾರಿನಲ್ಲಾದರೆ ಚಾಲಕರಲ್ಲದೆ ಮತ್ತೊಬ್ಬರು ಪಕ್ಕದಲ್ಲಿ ಕುಳಿತು, ಮಗುವಿನ ಗದ್ದ ಎದೆಗೆ ಒತ್ತಿಕೊಳ್ಳದಂತೆ ನೋಡಿಕೊಳ್ಳಬೇಕು. ಕತ್ತು ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ. ಮೊದಲು ಗುಟುಕು ನೀರು, ಅದು ದಕ್ಕಿದರೆ ಲಘು ಆಹಾರ. ಅಂದು ಮೆಟ್ಟಿಲು, ಸೈಕಲ್, ನೀರಿನ ಬಳಿ ಮಗುವನ್ನು ಒಂಟಿಯಾಗಿ ಬಿಡಬಾರದು. ಎಬ್ಬಿಸಿದರೂ ಏಳದಿರುವುದು, ಉಸಿರಾಟಕ್ಕೆ ತೊಂದರೆ, ತುಟಿ ನೀಲಿಗಟ್ಟುವುದು, ಪದೇ ಪದೇ ವಾಂತಿ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ.

ನುಡಿ ಶುದ್ಧವಾಗಿರಬೇಕೆಂಬುದು ಶರಣರ ಬೋಧೆ. ವೈದ್ಯರ ಮುಂದೆ ಆಡುವ ಒಂದು ಸತ್ಯದ ಮಾತು ಕಂದನ ಪ್ರಾಣಕ್ಕೆ ಕಾವಲಾಗುತ್ತದೆ ಎಂಬುದನ್ನು ಮನೆಯವರೆಲ್ಲರೂ ನೆನಪಿನಲ್ಲಿಡಬೇಕು.