ಔಷಧವು ಫಲಿಸದಿರುವಾಗ

ರೋಗ ಬಂದಾಗ ಮನುಷ್ಯನು ಮೊದಲು ಹಿಡಿಯುವ ಆಸರೆ ಔಷಧ. ಅದರಿಂದ ನೋವು ಇಳಿಯುವುದೆಂಬ ನಂಬಿಕೆಯಿಂದಲೇ ಜೀವಕ್ಕೆ ಎಷ್ಟೋ ಸಮಾಧಾನ. ಆ ಆಸರೆಯೇ ಜಾರಿದಾಗ ರೋಗಿಯ ಮೇಲೆ ಎರಡು ಭಾರಗಳು ಒಟ್ಟಿಗೆ ಬೀಳುವುವು: ಒಂದು, ಮೊದಲಿದ್ದ ನೋವು; ಮತ್ತೊಂದು, ಇದಕ್ಕೆ ಇನ್ನು ಕೊನೆಯೇ ಇಲ್ಲವೆಂಬ ಹತಾಶೆ. ವರ್ಷಗಟ್ಟಲೆ ಅರೆತಲೆನೋವನ್ನೂ ಅದರೊಡನೆ ಮನಸ್ಸಿನ ಖಿನ್ನತೆಯನ್ನೂ ಹೊತ್ತು ಬಾಳುವವರ ಪಾಡು ಇಂತಹುದು. ಔಷಧವು ಏಕೆ ಸೋಲುವುದು, ಸೋತಾಗ ರೋಗಿಯೂ ಮನೆಯವರೂ ಏನು ಮಾಡತಕ್ಕದ್ದು ಎಂಬುದು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕಾದ ವಿಷಯ.

ಅರೆತಲೆನೋವನ್ನು ಸಾಮಾನ್ಯ ತಲೆನೋವೆಂದೇ ಅನೇಕರು ಎಣಿಸಿರುವರು. ವಾಸ್ತವವಾಗಿ ಅದು ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ ಒಂದು ಪ್ರತ್ಯೇಕ ವ್ಯಾಧಿ. ಮೈಗ್ರೇನ್ ಎಂಬ ಹೆಸರಿನಿಂದ ಇಂದು ಎಲ್ಲರಿಗೂ ಪರಿಚಿತ. ಬಹುಮಟ್ಟಿಗೆ ತಲೆಯ ಒಂದು ಪಾರ್ಶ್ವದಲ್ಲಿ ನಾಡಿ ಬಡಿದಂತೆ ನೋವು ಮಿಡಿಯುವುದು, ಓಕರಿಕೆ ಬರುವುದು, ಬೆಳಕು, ಸದ್ದುಗಳು ಸಹಿಸಲಾರದಂತಾಗುವುವು, ಎದ್ದು ನಾಲ್ಕು ಹೆಜ್ಜೆ ನಡೆದರೂ ಬಾಧೆ ಹೆಚ್ಚುವುದು. ಔಷಧವಿಲ್ಲದೆ ಬಿಟ್ಟರೆ ಒಂದು ಸಲದ ನೋವು 4 ಗಂಟೆಗಳಿಂದ 72 ಗಂಟೆಗಳವರೆಗೆ ನಿಲ್ಲುವುದುಂಟು. ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಅರೆತಲೆನೋವಿನ ಲಕ್ಷಣಗಳು ಕಂಡು, ಈ ಸ್ಥಿತಿ 3 ತಿಂಗಳು ಮೀರಿದರೆ ಅದನ್ನು ವೈದ್ಯರು ದೀರ್ಘಕಾಲಿಕ ಮೈಗ್ರೇನ್ ಎನ್ನುವರು. ಈ ವ್ಯಾಧಿ ವಿರಳವೂ ಅಲ್ಲ. ಬೆಂಗಳೂರಿನಲ್ಲಿಯೂ ಸುತ್ತಲಿನ ಗ್ರಾಮಗಳಲ್ಲಿಯೂ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಇದರಿಂದ ನರಳಿದವರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಇನ್ನು ಖಿನ್ನತೆ. ದುಃಖಕ್ಕೆ ಕಾರಣವಿದ್ದು ಮನಸ್ಸು ಬಾಡುವುದು ಸಹಜ. ಆದರೆ ವಾರಗಟ್ಟಲೆ ಯಾವುದರಲ್ಲಿಯೂ ರುಚಿಯಿಲ್ಲದೆ, ನಿದ್ರೆ ಹಸಿವುಗಳು ಕೆಟ್ಟು, ಮೈಗೆ ತ್ರಾಣವಿಲ್ಲದೆ, ತಾನು ಯಾರಿಗೂ ಬೇಡವಾದವನೆಂಬ ಭಾವನೆ ನೆಲೆಸಿದರೆ ಅದು ರೋಗ. ಅರೆತಲೆನೋವು ಉಳ್ಳವರಿಗೆ ಖಿನ್ನತೆಯೂ, ಖಿನ್ನತೆ ಉಳ್ಳವರಿಗೆ ಅರೆತಲೆನೋವೂ ಇತರರಿಗಿಂತ ಹೆಚ್ಚಾಗಿ ಬರುವುದನ್ನು ವೈದ್ಯಶಾಸ್ತ್ರವು ಕಂಡುಕೊಂಡಿದೆ. ನೋವು ನಿದ್ರೆಯನ್ನು ಕೆಡಿಸುವುದು. ಕೆಟ್ಟ ನಿದ್ರೆ ಮನಸ್ಸನ್ನು ಕುಗ್ಗಿಸುವುದು. ಕುಗ್ಗಿದ ಮನಸ್ಸಿಗೆ ನೋವು ಇಮ್ಮಡಿಯಾಗಿ ತೋರುವುದು. ಆದಕಾರಣ ಎರಡರಲ್ಲಿ ಒಂದನ್ನು ಮಾತ್ರ ಹಿಡಿದು ಚಿಕಿತ್ಸೆ ಮಾಡಿ ಮತ್ತೊಂದನ್ನು ಮರೆತರೆ ಔಷಧವು ಅರ್ಧ ದಾರಿಯಲ್ಲಿಯೇ ನಿಲ್ಲುವುದು.

ಹಾಗಾದರೆ ಮೊದಲು ಗುಣಕೊಟ್ಟ ಔಷಧವು ಮುಂದೆ ಸೋಲುವುದೇಕೆ? ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಅತಿಬಳಕೆ. ಒಬ್ಬ ಗೃಹಿಣಿಯ ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ತಿಂಗಳಿಗೆ ಎರಡು ಬಾರಿ ತಲೆನೋವು ಬಂದಾಗ ಆಕೆ ಒಂದು ಗುಳಿಗೆ ನುಂಗಿ ಕೆಲಸಕ್ಕೆ ಏಳುತ್ತಿದ್ದಳು. ಮನೆಯಲ್ಲಿ ಮದುವೆ, ಮಕ್ಕಳ ಪರೀಕ್ಷೆ, ಅತ್ತೆಯ ಕಾಯಿಲೆ ಒಂದರ ಹಿಂದೊಂದು ಬಂದುವು. ನೋವಿಗೆ ಮಲಗಲು ಬಿಡುವಿಲ್ಲ. ಗುಳಿಗೆ ವಾರಕ್ಕೆ ಎರಡಾಯಿತು, ನಾಲ್ಕಾಯಿತು. ಕಡೆಗೆ ನೋವು ಬರುವುದೆಂಬ ಭಯಕ್ಕೇ ಮುಂಜಾನೆ ಒಂದು ನುಂಗುವ ಅಭ್ಯಾಸವಾಯಿತು. ಈಗ ತಲೆನೋವು ದಿನವೂ ಇದೆ. ಗುಳಿಗೆ ಕೆಲಸ ಮಾಡುತ್ತಿಲ್ಲವೆಂದು ಆಕೆ ಕೊರಗುವಳು. ನಿಜಸ್ಥಿತಿಯಲ್ಲಿ ಗುಳಿಗೆಯೇ ಈಗ ನೋವನ್ನು ಸಾಕುತ್ತಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಂತಹ ಸಾದಾ ಗುಳಿಗೆಗಳನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್, ಎರ್ಗೊಟಮಿನ್ ಅಥವಾ ಹಲವು ಔಷಧಗಳು ಕೂಡಿದ ಗುಳಿಗೆಗಳನ್ನು 10 ದಿನ, ಹೀಗೆ 3 ತಿಂಗಳು ಮೀರಿ ತೆಗೆದುಕೊಂಡವರಿಗೆ ಔಷಧದಿಂದಲೇ ತಲೆನೋವು ಬೇರೂರಬಹುದು. ಈ ಕಾರಣ ಕಂಡುಬಂದರೆ ಅದು ಒಂದು ರೀತಿಯಲ್ಲಿ ಶುಭವಾರ್ತೆಯೇ ಸರಿ. ಏಕೆಂದರೆ ಇದಕ್ಕೆ ಪರಿಹಾರವುಂಟು. ವೈದ್ಯರ ಮಾರ್ಗದರ್ಶನದಲ್ಲಿ ಆ ಗುಳಿಗೆಯನ್ನು ಬಿಡುವಾಗ ಮೊದಲ ಕೆಲವು ದಿನ ನೋವು ಹೆಚ್ಚಬಹುದು. ಅದನ್ನು ದಾಟಿದ ಅನೇಕರಿಗೆ ಕೆಲವು ವಾರಗಳಲ್ಲಿ ತಲೆ ಹಗುರಾಗುವುದು.

ಎರಡನೆಯದು ಅವಸರ. ನೋವು ಬಂದಾಗ ನುಂಗುವ ಗುಳಿಗೆ ಬೇರೆ, ನೋವು ಬಾರದಂತೆ ದಿನವೂ ಸೇವಿಸುವ ತಡೆಯ ಔಷಧ ಬೇರೆ. ತಡೆಯ ಔಷಧದ ಫಲವನ್ನು ಅಳೆಯಲು ತಕ್ಕ ಪ್ರಮಾಣದಲ್ಲಿ ಎರಡು ಮೂರು ತಿಂಗಳಾದರೂ ಬೇಕು. ಖಿನ್ನತೆಯ ಔಷಧಕ್ಕೂ ಹಲವು ವಾರಗಳು ಬೇಕು. ಹದಿನೈದು ದಿನಕ್ಕೆ ಬೇಸತ್ತು ಬಿಟ್ಟವನು ಔಷಧವನ್ನು ಪರೀಕ್ಷಿಸಿದಂತಾಗಲಿಲ್ಲ.

ಮೂರನೆಯದು, ಒಂದು ರೋಗದ ಔಷಧವು ಮತ್ತೊಂದನ್ನು ಕೆಣಕುವುದು. ಅರೆತಲೆನೋವಿನ ತಡೆಗೆ ಕೊಡುವ ಫ್ಲುನಾರಿಜಿನ್, ಟೋಪಿರಮೇಟ್‌ಗಳು ಕೆಲವರ ಮನಸ್ಸನ್ನು ಕುಗ್ಗಿಸುವುದುಂಟು. ಇದಕ್ಕೆ ಪ್ರತಿಯಾಗಿ ಅಮಿಟ್ರಿಪ್ಟಿಲಿನ್, ವೆನ್ಲಾಫಾಕ್ಸಿನ್ ಮೊದಲಾದವು ಎರಡು ವ್ಯಾಧಿಗಳಿಗೂ ಉಪಯೋಗಕ್ಕೆ ಬರುವುವು. ಆದಕಾರಣ ತಲೆನೋವಿನ ವೈದ್ಯರಿಗೆ ಮನಸ್ಸಿನ ಔಷಧದ ಚೀಟಿಯನ್ನೂ, ಮನೋವೈದ್ಯರಿಗೆ ತಲೆನೋವಿನ ಚೀಟಿಯನ್ನೂ ತಪ್ಪದೆ ತೋರಿಸಬೇಕು. ಸಂಕೋಚದಿಂದ ಒಂದನ್ನು ಮುಚ್ಚಿಟ್ಟರೆ ನಷ್ಟ ರೋಗಿಗೇ.

ನಾಲ್ಕನೆಯದು, ಮರೆಯಲ್ಲಿ ಕುಳಿತ ಬೇರೆ ಕಾರಣ. ಥೈರಾಯ್ಡ್ ಗ್ರಂಥಿಯ ಮಂದತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ಮದ್ಯಪಾನ, ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿ ಇವು ಒಳಗಿರುವಾಗ ಎಂತಹ ಔಷಧವೂ ಪೂರ್ಣ ಫಲ ಕೊಡಲಾರದು.

ಈ ನಾಲ್ಕನ್ನೂ ಪರಿಶೀಲಿಸಿದ ಮೇಲೂ ಒಂದು ಔಷಧವು ಸೋಲಬಹುದು. ಅದು ಅಪರೂಪವೇನಲ್ಲ. ಅಮೆರಿಕೆಯಲ್ಲಿ ಖಿನ್ನತೆಯ ಚಿಕಿತ್ಸೆಯನ್ನು ಕುರಿತು ನಡೆದು 2006ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನದಲ್ಲಿ, ಮೊದಲ ಔಷಧದಿಂದ ಪೂರ್ಣ ಉಪಶಮನ ಪಡೆದವರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದವರಲ್ಲಿ ಹಲವರು ಎರಡನೆಯ, ಮೂರನೆಯ ಪ್ರಯತ್ನದಲ್ಲಿ ಚೇತರಿಸಿಕೊಂಡರು. ಅರೆತಲೆನೋವಿಗೂ ದಾರಿಗಳು ಹೆಚ್ಚಿವೆ. ದೀರ್ಘಕಾಲಿಕ ಮೈಗ್ರೇನಿಗೆ ಬೊಟುಲಿನಮ್ ಚುಚ್ಚುಮದ್ದನ್ನು ಅಮೆರಿಕೆಯ ಔಷಧ ಆಡಳಿತವು 2010ರಲ್ಲಿ ಒಪ್ಪಿತು. ಈ ನೋವಿನಲ್ಲಿ ಪಾತ್ರವಹಿಸುವ ಒಂದು ನರದ್ರವ್ಯವನ್ನು ಗುರಿಯಾಗಿಟ್ಟುಕೊಂಡು ಸಿದ್ಧಪಡಿಸಿದ ತಡೆಯ ಔಷಧಗಳಲ್ಲಿ ಮೊದಲನೆಯದಕ್ಕೆ 2018ರಲ್ಲಿ ಮನ್ನಣೆ ದೊರೆಯಿತು. ಖಿನ್ನತೆಗೆ ಔಷಧವಲ್ಲದೆ ಮಾತಿನ ಮೂಲಕ ನಡೆಯುವ ಮನಶ್ಚಿಕಿತ್ಸೆಯೂ ಉಂಟು. ಒಂದು ಬಾಗಿಲು ಮುಚ್ಚಿತೆಂದ ಮಾತ್ರಕ್ಕೆ ಮನೆಗೆ ಬಾಗಿಲೇ ಇಲ್ಲವೆಂದು ತಿಳಿಯಬಾರದು.

ರೋಗಿಯು ಸ್ವತಃ ಮಾಡಬೇಕಾದುದೂ ಉಂಟು. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿದಿನವೂ ನೋವು ಬಂದುದು, ಅದರ ತೀವ್ರತೆ, ನುಂಗಿದ ಗುಳಿಗೆ, ನಿದ್ರೆ, ಊಟ, ಹೆಂಗಸರಾದರೆ ತಿಂಗಳ ಮುಟ್ಟು ಇವನ್ನು ಬರೆದಿಡಬೇಕು. ಮೂರು ತಿಂಗಳ ಇಂತಹ ಲೆಕ್ಕವು ವೈದ್ಯರಿಗೆ ನೂರು ಮಾತುಗಳಿಗಿಂತ ಹೆಚ್ಚು ತಿಳಿಸುವುದು. ಮಲಗುವ, ಏಳುವ, ಉಣ್ಣುವ ಹೊತ್ತು ದಿನವೂ ಒಂದೇ ಆಗಿರಬೇಕು. ಹೊಟ್ಟೆ ಬರಿದಾದರೆ ಅರೆತಲೆನೋವು ಕೆರಳುವವರು ಅನೇಕರು. ಅಂತಹವರು ಉಪವಾಸವ್ರತಗಳನ್ನು ಹಟದಿಂದ ಹಿಡಿಯದೆ ಹಿರಿಯರಲ್ಲಿ ಹೇಳಿ ಸಡಿಲಿಸಿಕೊಳ್ಳುವುದು ಯುಕ್ತ. ಘಾಟಾದ ಊದುಬತ್ತಿಯ ಹೊಗೆ ಕೆಲವರಿಗೆ ಆಗದು. ಅದನ್ನು ಬಿಟ್ಟ ಮಾತ್ರಕ್ಕೆ ಪೂಜೆಗೆ ಕುಂದಿಲ್ಲ. ದಿನವೂ ಮೈ ಬಳಲದಷ್ಟು ನಡೆದಾಡುವುದು ತಲೆಗೂ ಮನಸ್ಸಿಗೂ ಹಿತ. ಆದರೆ ಮನಸ್ಸಿನ ಔಷಧವನ್ನು ಯಾರೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಗರ್ಭಿಣಿಯರೂ ಗರ್ಭ ಧರಿಸಲಿರುವವರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ವಾಲ್ಪ್ರೊಯೇಟ್ ಮುಂತಾದ ಕೆಲವು ಔಷಧಗಳು ಶಿಶುವಿಗೆ ಹಾನಿಕರ.

ಮನೆಯವರ ಹೊಣೆ ಇದಕ್ಕಿಂತ ಕಿರಿದಲ್ಲ. ಮುರಿದ ಕಾಲು ಎಲ್ಲರ ಕಣ್ಣಿಗೂ ಬೀಳುವುದು. ಅರೆತಲೆನೋವು, ಖಿನ್ನತೆಗಳು ಬೀಳವು. "ಮನಸ್ಸು ಗಟ್ಟಿ ಮಾಡಿಕೊ" ಎಂಬ ಮಾತು ಹೇಳುವವರಿಗೆ ಸುಲಭ. ಕೇಳುವವರಿಗೆ ಅದು ಆರೋಪದಂತೆ ತೋರುವುದು. ಕಾಯಕವನ್ನು ಹಿರಿದೆಂದು ಭಾವಿಸುವ ಮನೆತನಗಳಲ್ಲಿ, ಹಾಸಿಗೆ ಹಿಡಿದವನು ತಾನು ಅನ್ನಕ್ಕೆ ಭಾರವೆಂದು ಒಳಗೊಳಗೇ ಬೇಯುವನು. ಕಾಯಕವು ಶಕ್ತಿಯಿದ್ದಷ್ಟು ಮಾಡತಕ್ಕದ್ದು. ನೋವಿಲ್ಲದ ಒಂದು ಗಂಟೆಯಲ್ಲಿ ಕಾಳು ಹಸನು ಮಾಡಿದರೂ, ಮಗುವಿಗೆ ಪಾಠ ಹೇಳಿದರೂ ಅದು ಕಾಯಕವೇ. ಉಳಿದ ಹೊತ್ತಿನಲ್ಲಿ ಕೋಣೆಯನ್ನು ಕತ್ತಲಾಗಿಸಿ, ಸದ್ದಡಗಿಸಿ, ಅಡುಗೆಯ ಭಾರವನ್ನು ತಾವು ಹೊರುವುದು ಮನೆಯವರ ಕಾಯಕ.

ಕೆಲವು ಸಂದರ್ಭಗಳಲ್ಲಿ ವಿಳಂಬ ಸಲ್ಲದು. ಹಿಂದೆಂದೂ ಇಲ್ಲದಂತೆ ಸಿಡಿಲೆರಗಿದ ಹಾಗೆ ತಲೆನೋವು ಬಂದರೆ, ಜ್ವರದೊಡನೆ ಕತ್ತು ಬಿಗಿದರೆ, ಕೈಕಾಲು ಬಲಗುಂದಿದರೆ, ಮಾತು ತೊದಲಿದರೆ, ದೃಷ್ಟಿ ಕುಂದಿದರೆ, ತಲೆಗೆ ಪೆಟ್ಟಾದ ಬಳಿಕ ನೋವು ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 50 ವರ್ಷ ದಾಟಿದವರಿಗೆ ಹೊಸದಾಗಿ ತಲೆನೋವು ಆರಂಭವಾದರೆ ಬೇಗನೆ ಪರೀಕ್ಷೆ ಮಾಡಿಸಬೇಕು.

ಹಾಗೆಯೇ ರೋಗಿಯ ಬಾಯಲ್ಲಿ ಸಾವಿನ ಮಾತು ಬಂದರೆ ಅದನ್ನು ಬರಿಯ ಬೇಸರದ ಮಾತೆಂದು ತಳ್ಳಬಾರದು. "ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದರೆ ಹೊರಬರಲು ದಾರಿಯಾಗುವುದು. ಅಂತಹವರನ್ನು ಒಂಟಿಯಾಗಿ ಬಿಡದೆ, ಗುಳಿಗೆಗಳನ್ನೂ ಕೀಟನಾಶಕಗಳನ್ನೂ ಕೈಗೆ ಸಿಗದಂತೆ ಇಟ್ಟು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋರೋಗಕ್ಕೆ ಚಿಕಿತ್ಸೆಯುಂಟು. ಊರ ಸಮೀಪದಲ್ಲಿಯೇ ಇಂತಹ ಚಿಕಿತ್ಸೆ ದೊರೆಯಬೇಕೆಂಬ ಪ್ರಯೋಗ 1980ರ ದಶಕದಲ್ಲಿ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ಅದರ ಮಾದರಿಯಲ್ಲಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಮೊದಲಾಯಿತು.

ದೀರ್ಘಕಾಲದ ನೋವು ಸಂಪೂರ್ಣವಾಗಿ ಅಳಿಯುವುದೆಂಬ ಭರವಸೆಯನ್ನು ಯಾರೂ ಕೊಡಲಾಗದು. ಆದರೆ ತಿಂಗಳಿಗೆ ಇಪ್ಪತ್ತು ದಿನದ ನೋವು ಹತ್ತಕ್ಕೆ ಇಳಿದರೆ, ಉಳಿದ ಹತ್ತು ದಿನ ಬಾಳಿಗೆ ಮರಳಿ ಬಂದಂತೆ. ಅಷ್ಟನ್ನು ಗಳಿಸಲು ರೋಗಿಗೆ ತಾಳ್ಮೆಯೂ, ವೈದ್ಯರಿಗೆ ಪೂರ್ಣ ಮಾಹಿತಿಯೂ, ಮನೆಯವರಿಗೆ ನಂಬಿಕೆಯೂ ಬೇಕು. ಔಷಧವು ಸೋತಾಗ ಸೋತದ್ದು ಔಷಧ ಮಾತ್ರ ಎಂಬುದನ್ನು ರೋಗಿಗೆ ಮತ್ತೆ ಮತ್ತೆ ತಿಳಿಯಹೇಳಿ, ಮುಂದಿನ ವೈದ್ಯರ ಬಾಗಿಲಿನವರೆಗೆ ಅವನ ಜೊತೆಯಲ್ಲಿ ನಡೆಯುವವರೇ ನಿಜವಾದ ಬಂಧುಗಳು.